ಎಪ್ಪತ್ತಮೂರನೆಯ ಹಲ್ಲು

ನಮ್ಮ ಅತ್ತಿಗೆಗೆ ಓಣಿಯ ಜನ ಇಟ್ಟ ಹೆಸರು ಹಲ್ಲಕ್ಕ. ಆಕೆಯ ಹಲ್ಲು ಉಬ್ಬಿರಲಿಲ್ಲ, ಉದುರಿರಲೂ ಇಲ್ಲ. ಕಬ್ಬಿಣದ ಚಕ್ರಗಳಿಗೆ ಹಲ್ಲು ಕತ್ತರಿಸುವುದು ಆಕೆಯ ಕಸುಬು. ಹಿಟ್ಟಿನ ಗಿರಣಿಯದಾಗಲಿ, ಎಣ್ಣೆ ಗಾಣದ್ದಾಗಲಿ, ಚಕ್ರದ ಹಲ್ಲು ಮುರಿಯಿತೆಂದರೆ ಜನ ಅದನ್ನು ಗೋಣಿಯಲ್ಲಿ ಸುತ್ತಿ ನಮ್ಮ ವರ್ಕ್‌ಶಾಪಿಗೆ ಹೊತ್ತು ತರುತ್ತಿದ್ದರು. ಬಾಗಿಲಲ್ಲಿ ನಿಂತು ಹಲ್ಲಕ್ಕ ಇದ್ದಾರಾ ಎಂದು ಕೇಳಿದವರಿಗೆ ನಾನು ಲೇತಿನ ಹಿಂದಿನಿಂದಲೇ, ಇದ್ದಾರೆ, ನೋವು ಮೇಲಿನ ದವಡೆಯದೋ ಕೆಳಗಿನ ದವಡೆಯದೋ ಎನ್ನುತ್ತಿದ್ದೆ. ಎಷ್ಟು ಸಲ ಹೇಳಿದರೂ ಗಿರಾಕಿಗಳು ನಗುತ್ತಿದ್ದರು. ಒಂದು ಸಲವೂ ನಗದೆ ಇದ್ದವರು ಅತ್ತಿಗೆ ಒಬ್ಬರೇ.

ನಗು ಆಕೆಗೆ ಸುಲಭಕ್ಕೆ ದಕ್ಕುತ್ತಿರಲಿಲ್ಲ, ದಕ್ಕುತ್ತಿದ್ದದ್ದು ಭಯ. ಹಗ್ಗ ಕಂಡು ಹಾವೆಂದು ಬೆಚ್ಚುವವರನ್ನು ನಾವೆಲ್ಲ ನೋಡಿದ್ದೇವೆ. ಅತ್ತಿಗೆ ಹಗ್ಗದಲ್ಲಿ ಹಾವನ್ನು ಮಾತ್ರವಲ್ಲ, ಅದು ಕಚ್ಚಿದವನನ್ನೂ, ಅವನ ಹಿಂದೆ ಉಳಿದ ಹೆಂಡತಿ ಮಕ್ಕಳನ್ನೂ ಕಾಣುವ ಪೈಕಿ. ಬೀಗ ಹಾಕಿ ಓಣಿಯ ತಿರುವು ಮುಟ್ಟಿದವರು ಮತ್ತೆ ಹಿಂದಕ್ಕೆ ಬಂದು ಬೀಗ ಜಗ್ಗುತ್ತಿದ್ದರು. ಒಲೆ ಆರಿಸಿದ ಮೇಲೂ ಅದು ತಣ್ಣಗಾಗುವ ತನಕ ಕಾಯುತ್ತಿದ್ದರು. ನನ್ನ ಅಣ್ಣನಾದರೋ ಪಕ್ಕದಲ್ಲಿ ಸಿಡಿಲು ಬಿದ್ದರೆ ಬೀಡಿಗೆ ಬೆಂಕಿ ಸಿಕ್ಕಿತು ಎನ್ನುವ ಆಸಾಮಿ. ಇಂಥ ಇಬ್ಬರು ಒಂದೇ ಅಚ್ಚಿನ ಮೇಲೆ ಅಷ್ಟು ವರ್ಷ ಹೇಗೆ ಉರುಳಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ.

ಹಲ್ಲು ಕತ್ತರಿಸುವ ಕೆಲಸ ಮೊದಲು ಅಣ್ಣನದೇ. ಒಂದು ಕಣ್ಣಿಗೆ ಕಬ್ಬಿಣದ ಸಿಬರು ಹೊಕ್ಕು ಹೋಯಿತು. ಇನ್ನೊಂದಕ್ಕೆ ನಿಧಾನವಾಗಿ ಮಂಜು ಕವಿಯಿತು. ಅವನಿಗೆ ಊಟ ತರುತ್ತಿದ್ದ ಅತ್ತಿಗೆಗೆ ಮೊದಮೊದಲು, ಈ ತೂತು ಎಷ್ಟನೆಯದು ನೋಡಿ ಹೇಳು ಎನ್ನುತ್ತಿದ್ದ. ಆಮೇಲೆ, ನೀನೇ ಹಿಡಿ ತಿರುಗಿಸು ಎಂದ. ಒಂದು ದಿನ, ಇನ್ನು ಮುಂದೆ ನೀನೇ ಕತ್ತರಿಸು ಎಂದು ಸ್ಟೂಲು ಬಿಟ್ಟುಕೊಟ್ಟು ಗೋಡೆಗೆ ಒರಗಿ ಕೂತ. ಆವತ್ತಿನಿಂದ ಕೈ ಆಕೆಯದು, ಬಾಯಿ ಅಣ್ಣನದು.

ಕೆಲಸದ ಗುಟ್ಟು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಕಬ್ಬಿಣ ಕೊರೆಯುವ ಮಿಲ್ಲಿಂಗ್ ಮೆಷಿನ್ನಿನ ಮೇಲೆ ಡಿವೈಡಿಂಗ್ ಹೆಡ್ಡು ಎಂಬ ಉಪಕರಣ ಇರುತ್ತದೆ. ಅದರ ಹಿಡಿಯನ್ನು ನಲವತ್ತು ಸುತ್ತು ತಿರುಗಿಸಿದರೆ ಹಲ್ಲು ಕತ್ತರಿಸಬೇಕಾದ ಕಬ್ಬಿಣದ ಬಿಲ್ಲೆ ಸರಿಯಾಗಿ ಒಂದು ಸುತ್ತು ತಿರುಗುತ್ತದೆ. ಚಕ್ರಕ್ಕೆ ನಲವತ್ತು ಹಲ್ಲು ಬೇಕಾದರೆ ಹಲ್ಲಿಗೊಂದು ಸುತ್ತು. ಇಪ್ಪತ್ತು ಬೇಕಾದರೆ ಹಲ್ಲಿಗೆರಡು. ಎಪ್ಪತ್ತೆರಡು ಬೇಕಾದರೆ ನಲವತ್ತನ್ನು ಎಪ್ಪತ್ತೆರಡು ಪಾಲು ಮಾಡಬೇಕು, ಅಂದರೆ ಹಲ್ಲಿಗೆ ಒಂಬತ್ತರಲ್ಲಿ ಐದು ಪಾಲು ಸುತ್ತು. ಈ ಭಿನ್ನರಾಶಿಗಳಿಗೆಂದೇ ಹಿಡಿಯ ಹಿಂದೆ ತೂತುಗಳ ತಟ್ಟೆ ಕೂತಿರುತ್ತದೆ. ಹದಿನೆಂಟು ತೂತಿನ ಸುತ್ತಿನಲ್ಲಿ ಹತ್ತು ತೂತು ದಾಟಿದರೆ ಒಂಬತ್ತರಲ್ಲಿ ಐದು ಪಾಲು ಮುಗಿಯಿತು. ನಾನು ಮೂರನೆಯ ತರಗತಿಗೆ ಶಾಲೆಗೆ ಸಲಾಮು ಹೊಡೆದವನು. ಭಿನ್ನರಾಶಿ ಎಂಬುದು ಕಾಗದದ ಮೇಲಿನ ಕಾಟವಲ್ಲ, ಕೈಯಲ್ಲಿ ಹಿಡಿದು ತಿರುಗಿಸುವ ವಸ್ತು ಎಂದು ಕಲಿತದ್ದು ಈ ತಟ್ಟೆಯಿಂದ. ಯಾವ ಮೇಷ್ಟರ ಹಂಗೂ ನನ್ನ ಮೇಲಿಲ್ಲ.

ಅತ್ತಿಗೆ ಒಳಕೋಣೆಯ ಕಬ್ಬಿಣದ ಬಾಗಿಲ ಮೇಲೆ ಸೀಮೆಸುಣ್ಣದಿಂದ ಭಾಗಾಕಾರ ಮಾಡುತ್ತಿದ್ದರು. ಎಂಟರಲ್ಲಿ ಒಂದು ಪಾಲು ಎಂದರೆ ದಶಮಾಂಶದಲ್ಲಿ ಒಂದು, ಎರಡು, ಐದು. ಅಲ್ಲಿಗೆ ಕೈ ತೊಳೆಯಬಹುದು. ಎರಡು ಮತ್ತು ಐದರ ಮನೆತನದಲ್ಲೇ ಹುಟ್ಟಿದ ಸಂಖ್ಯೆಗಳು ಹೀಗೆ ಮರ್ಯಾದೆಯಾಗಿ ಮುಗಿಯುತ್ತವೆ. ಬೇರೆ ಯಾರ ಸಹವಾಸ ಮಾಡಿದರೂ ಶೇಷ ಬೆನ್ನು ಬಿಡುವುದಿಲ್ಲ. ಏಳರಲ್ಲಿ ಒಂದು ಪಾಲು ನೋಡಿ: ಒಂದು, ನಾಲ್ಕು, ಎರಡು, ಎಂಟು, ಐದು, ಏಳು, ಮತ್ತೆ ಒಂದು, ನಾಲ್ಕು, ಎರಡು. ಗಾಣದ ಎತ್ತು ಆರು ಹೆಜ್ಜೆ ಹಾಕಿ ಹೊರಟ ಜಾಗಕ್ಕೇ ಬಂದ ಹಾಗೆ. ಆ ಆರು ಅಂಕಿಗಳನ್ನು ನಡುವೆ ಮುರಿದು ಒಂದರ ಕೆಳಗೊಂದು ಬರೆದರೆ ಒಂದಕ್ಕೆ ಎಂಟು, ನಾಲ್ಕಕ್ಕೆ ಐದು, ಎರಡಕ್ಕೆ ಏಳು ಜೋಡಿ. ಯಾವ ಜೋಡಿ ಕೂಡಿಸಿದರೂ ಒಂಬತ್ತು. ಹದಿಮೂರರಿಂದ ಭಾಗಿಸಿದರೂ, ಹದಿನೇಳರಿಂದ ಭಾಗಿಸಿದರೂ ಇದೇ ಕಥೆ. ಯಾವುದಕ್ಕೂ ಬಗ್ಗದ ಸಂಖ್ಯೆಗಳು, ಶಾಲೆಯವರು ಅವಿಭಾಜ್ಯ ಎನ್ನುತ್ತಾರಲ್ಲ, ಅವುಗಳ ಸುತ್ತು ಸಮಸಂಖ್ಯೆಯಲ್ಲಿ ಮುಗಿಯುವಂತಿದ್ದರೆ ಅರ್ಧಕ್ಕರ್ಧ ಜೋಡಿ ಕೂಡಿಯೇ ತೀರುತ್ತದೆ.

ಇದನ್ನು ಮೊದಲು ಕಂಡದ್ದು ಅತ್ತಿಗೆಯೇ. ಇನ್ನೊಬ್ಬರಾಗಿದ್ದರೆ ಕುಣಿಯುತ್ತಿದ್ದರು. ಆಕೆ ಸೀಮೆಸುಣ್ಣ ಕೆಳಗಿಟ್ಟು, ಬಾಗಿಲಿಗೆ ಬೆನ್ನು ಹಾಕದೆ ಹಿಂದೆ ಹಿಂದೆ ಸರಿದು ಬಂದು ನನ್ನನ್ನು ಕೇಳಿದರು:

“ಇವಕ್ಕೆ ಇದನ್ನ ಯಾರು ಹೇಳ್ಕೊಟ್ಟರು?”

ಅಂದಿನಿಂದ ಆಕೆಗೆ ಅದೊಂದು ತಾಳೆ ನೋಡುವ ವಿಧಾನವಾಯಿತು. ಭಾಗಾಕಾರ ಮಾಡಿ, ಅರ್ಧ ಮುರಿದು, ಒಂಬತ್ತರ ಜೋಡಿ ಕೂಡಿದರೆ ಲೆಕ್ಕ ಸರಿ. ಎದೆಯ ಬಡಿತ ಒಂದಿಷ್ಟು ಇಳಿಯುತ್ತಿತ್ತು.

ಅಣ್ಣನಿಗೂ ಬಗ್ಗದ ಸಂಖ್ಯೆಗಳೆಂದರೆ ಪ್ರೀತಿ, ಆದರೆ ಕಾರಣ ಬೇರೆ. ಒಂದೇ ಮನೆತನದ ಚಕ್ರಗಳಿಗೆ ಗಂಟು ಹಾಕಬಾರದು ಎಂಬುದು ಅವನ ಶಾಸನ. ಹದಿನೆಂಟು ಹಲ್ಲಿನ ಚಿಕ್ಕ ಚಕ್ರ ಎಪ್ಪತ್ತೆರಡು ಹಲ್ಲಿನ ದೊಡ್ಡ ಚಕ್ರವನ್ನು ತಿರುಗಿಸುತ್ತದೆ ಎನ್ನಿ. ಹದಿನೆಂಟು ನಾಲ್ಕಲ ಎಪ್ಪತ್ತೆರಡು. ಹಾಗಾಗಿ ಚಿಕ್ಕ ಚಕ್ರದ ಒಂದೊಂದು ಹಲ್ಲಿಗೂ ಜೀವಮಾನವಿಡೀ ಅದೇ ನಾಲ್ಕು ಹಲ್ಲುಗಳ ಮುಖದರ್ಶನ. ಒಂದು ಹಲ್ಲು ದುಷ್ಟನಾದರೆ ಆ ನಾಲ್ಕನ್ನೇ ಕಚ್ಚಿ ಕಚ್ಚಿ ತಿನ್ನುತ್ತದೆ. ದೊಡ್ಡ ಚಕ್ರಕ್ಕೆ ಒಂದೇ ಒಂದು ಹಲ್ಲು ಹೆಚ್ಚಿಗೆ ಕೊಟ್ಟು ಎಪ್ಪತ್ತಮೂರು ಮಾಡಿದರೆ, ಬಗ್ಗದ ಸಂಖ್ಯೆ ನೋಡಿ, ಪ್ರತಿ ಹಲ್ಲೂ ಸರದಿಯ ಮೇಲೆ ಪ್ರತಿ ಹಲ್ಲನ್ನೂ ಭೇಟಿ ಮಾಡಲೇಬೇಕು. ಸವೆತ ಎಲ್ಲರಿಗೂ ಹಂಚಿಹೋಗುತ್ತದೆ. ಊರಿನ ಭಾರ ಊರೇ ಹೊತ್ತ ಹಾಗೆ.

ಒಂದು ಮುಂಜಾನೆ ಹೊಲಿಗೆ ಕಾರ್ಖಾನೆಯ ಮೆಕ್ಯಾನಿಕ್ ಇಂಥದ್ದೇ ಎಪ್ಪತ್ತೆರಡು ಹಲ್ಲಿನ ಒಂದು ದೊಡ್ಡ ಚಕ್ರ ಹೊತ್ತು ತಂದ. ಅವನ ಕಾರ್ಖಾನೆಯದು ಏಳಂತಸ್ತಿನ ಹಳೆಯ ಕಟ್ಟಡ. ಬಟ್ಟೆಯ ಹೊರೆಗಳನ್ನು ಮೇಲೆ ಸಾಗಿಸಲು ಒಂದು ಸಾಮಾನು ಲಿಫ್ಟು ಇತ್ತು. ಮೋಟರು ಹದಿನೆಂಟು ಹಲ್ಲಿನ ಚಿಕ್ಕ ಚಕ್ರವನ್ನು, ಚಿಕ್ಕದು ದೊಡ್ಡದನ್ನು, ದೊಡ್ಡದು ಉಕ್ಕಿನ ಹಗ್ಗ ಸುತ್ತುವ ಉರುಳೆಯನ್ನು ತಿರುಗಿಸಬೇಕು. ಚಿಕ್ಕ ಚಕ್ರದ ಒಂದು ಹಲ್ಲಿನ ಮೂಲೆ ಯಾವುದೋ ಬೋಲ್ಟು ಸಿಕ್ಕಿ ಎಗರಿಹೋಗಿತ್ತು. ಆ ಮೊಂಡ ಹಲ್ಲು ದೊಡ್ಡ ಚಕ್ರದ ನಾಲ್ಕು ಹಲ್ಲುಗಳನ್ನು ಅರದ ಹಾಗೆ ಉಜ್ಜಿ ತಿಂದು, ಒಂದನ್ನು ಬುಡಸಮೇತ ಉದುರಿಸಿತ್ತು. ಚಿಕ್ಕದನ್ನು ಬದಲಿಸಬೇಕಾದರೆ ಮೋಟರಿನ ದಂಡವನ್ನೇ ಬಿಚ್ಚಬೇಕು, ಅಷ್ಟು ದಿನ ಲಿಫ್ಟು ನಿಲ್ಲಿಸಲು ಆಗುವುದಿಲ್ಲ, ದೊಡ್ಡದನ್ನಷ್ಟೇ ಹೊಸದಾಗಿ ಮಾಡಿಕೊಡಿ ಎಂದ ಮೆಕ್ಯಾನಿಕ್. ಲಿಫ್ಟಿನಲ್ಲಿ ಮನುಷ್ಯರು ಹತ್ತುತ್ತಾರಾ ಎಂದು ಅತ್ತಿಗೆ ಕೇಳಿದರು. ಇಲ್ಲಕ್ಕ, ಬೋರ್ಡೇ ಹಾಕಿದೀವಿ ಎಂದ.

ಅಣ್ಣ ಚಕ್ರದ ಮೇಲೆ ಬೆರಳಾಡಿಸಿ, ತಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ, ಎಪ್ಪತ್ತಮೂರು ಹಾಕು ಎಂದುಬಿಟ್ಟ. ನಮ್ಮ ಹತ್ತಿರ ಎಪ್ಪತ್ತಮೂರು ತೂತಿನ ತಟ್ಟೆ ಇರಲಿಲ್ಲ. ಯಾರ ಹತ್ತಿರವೂ ಇರುವುದಿಲ್ಲ. ಇದಕ್ಕೆ ಅಣ್ಣನದೊಂದು ಹಳೆಯ ರೂಢಿ ಇತ್ತು. ಮೂವತ್ತೊಂದು ತೂತಿನ ಸುತ್ತಿನಲ್ಲಿ ಹಲ್ಲಿಗೆ ಹದಿನೇಳು ತೂತು ದಾಟುವುದು. ಪೂರಾ ಸುತ್ತಿಗೆ ಇರುವುದು ಸಾವಿರದ ಇನ್ನೂರ ನಲವತ್ತು ತೂತು. ಹದಿನೇಳರಂತೆ ಎಪ್ಪತ್ತಮೂರು ಸಲ ದಾಟಿದರೆ ಸಾವಿರದ ಇನ್ನೂರ ನಲವತ್ತೊಂದು. ಒಂದೇ ಒಂದು ತೂತು ಹೆಚ್ಚು. ಅದಕ್ಕೆ ಕೊನೆಯ ಹಲ್ಲಿಗೆ ಮಾತ್ರ ಹದಿನಾರು ದಾಟಿ ಸುತ್ತು ಮುಚ್ಚಿಬಿಡುವುದು. ಕೈಯಿಂದ ತಿರುಗಿಸುವ ಸಣ್ಣಪುಟ್ಟ ಯಂತ್ರಗಳಲ್ಲಿ ಇದು ಎಂದೂ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಅತ್ತಿಗೆ ಬಾಗಿಲ ಮೇಲೆ ಎರಡು ಸಾಲು ಬರೆದರು. ನಲವತ್ತನ್ನು ಎಪ್ಪತ್ತಮೂರರಿಂದ ಭಾಗಿಸಿದ ಸಾಲು: ಐದು, ನಾಲ್ಕು, ಏಳು, ಒಂಬತ್ತು, ನಾಲ್ಕು, ಐದು, ಎರಡು, ಸೊನ್ನೆ. ಎಂಟು ಅಂಕಿ, ಮುರಿದರೆ ಒಂಬತ್ತರ ಜೋಡಿ ಚೊಕ್ಕ. ಅದರ ಕೆಳಗೆ ಹದಿನೇಳನ್ನು ಮೂವತ್ತೊಂದರಿಂದ ಭಾಗಿಸಿದ ಸಾಲು. ಅದು ಐದು, ನಾಲ್ಕು ಎಂದು ಸಾಧುವಿನ ಹಾಗೆ ಹೊರಟು, ಮೂರನೆಯ ಮನೆಯಲ್ಲೇ ಏಳರ ಬದಲು ಎಂಟು ಎಂದಿತು. ಮುಗಿದದ್ದು ಹದಿನೈದು ಅಂಕಿಗೆ. ಹದಿನೈದನ್ನು ಅರ್ಧ ಮುರಿಯುವುದು ಹೇಗೆ? ಜೋಡಿಯೇ ಇಲ್ಲದ ಸಾಲು.

“ಇದು ಅದಲ್ಲ ರೀ,” ಎಂದರು ಅತ್ತಿಗೆ. “ಅದರ ಬಟ್ಟೆ ಹಾಕ್ಕೊಂಡು ಬಂದಿರೋದು ಇದು.”

“ಸಾವಿರದ ಚಿಲ್ಲರೆಯಲ್ಲಿ ಒಂದು ತೂತಿಗೆ ಯಾಕೆ ಜೀವ ಬಿಡ್ತೀಯ,” ಎಂದ ಅಣ್ಣ. “ಎಪ್ಪತ್ತಮೂರು ಮಕ್ಕಳಲ್ಲಿ ಒಬ್ಬ ಸಣಕಲ ಇದ್ದರೆ ಉಳಿದವರು ಹೊತ್ಕೊಂಡು ಹೋಗ್ತಾರೆ.”

ಆಕೆ ಕತ್ತರಿಸಿದರು. ಎಪ್ಪತ್ತೆರಡು ಹಲ್ಲು ಅಚ್ಚಿನಲ್ಲಿ ತೆಗೆದ ಹಾಗೆ ಬಂದವು. ಎಪ್ಪತ್ತಮೂರನೆಯದು ಉಳಿದವುಗಳಿಗಿಂತ ಒಂದು ಉಗುರಿನಷ್ಟು ತೆಳುವಾಗಿ, ಜನಜಂಗುಳಿಯಲ್ಲಿ ಒತ್ತಿ ನಿಂತ ಮನುಷ್ಯನ ಹಾಗೆ ಕಾಣಿಸಿತು. ಮೆಕ್ಯಾನಿಕ್ ಬಂದು ಎತ್ತಿಕೊಂಡು ಹೋದ. ಅದರ ಗೋಣಿ ಓಣಿಯ ತಿರುವಿನಲ್ಲಿ ಮರೆಯಾಗುವ ತನಕ ಅತ್ತಿಗೆ ಬಾಗಿಲಲ್ಲೇ ನಿಂತಿದ್ದರು. ಸಾಮಾನು ಹೊರುವ ಲಿಫ್ಟು ತಾನೇ ಎಂದು ನನ್ನನ್ನು ಆ ವಾರವಿಡೀ ಕೇಳುತ್ತಿದ್ದರು. ಹೌದು ಎಂದು ನಾನೂ ವಾರವಿಡೀ ಹೇಳಿದೆ.

ಮುಂದಿನ ವರ್ಷ ಅಣ್ಣನ ಮಗಳು ಅದೇ ಕಾರ್ಖಾನೆಗೆ ಹೊಲಿಗೆ ಕೆಲಸಕ್ಕೆ ಸೇರಿದಳು. ಬಾಯಿ ಅಪ್ಪನದು, ಕೈ ಅಮ್ಮನದು. ಅವಳ ಹೊಲಿಗೆ ಯಂತ್ರ ಏಳನೆಯ ಅಂತಸ್ತಿನಲ್ಲಿತ್ತು. ಒಂದು ಸಂಜೆ ವರ್ಕ್‌ಶಾಪಿನ ಹೊಸ್ತಿಲ ಮೇಲೆ ಕೂತು ಕಾಲು ಚಾಚಿ, ಕಾರ್ಖಾನೆಯ ಸುದ್ದಿಗಳನ್ನು ಹರಡುತ್ತಿದ್ದಳು. ಮೆಟ್ಟಿಲು ಹತ್ತಿ ಯಾರು ಸಾಯುತ್ತಾರೆ, ಹೊರೆಗಳ ಜೊತೆ ನಾವೂ ಲಿಫ್ಟಿನಲ್ಲಿ ತುಂಬಿಕೊಳ್ಳುತ್ತೇವೆ, ಬೋರ್ಡಿನ ಮೇಲೆ ಯಾರೋ ಟವೆಲು ಒಣಗಿಹಾಕಿದ್ದಾರೆ ಎಂದಳು. ಅತ್ತಿಗೆ ಚಕ್ರ ಒರೆಸುತ್ತಿದ್ದ ಬಟ್ಟೆ ನಿಂತಿತು. ಮಗಳು ಅದನ್ನು ನೋಡಲಿಲ್ಲ.

“ಆ ಲಿಫ್ಟಿಗೆ ಬಿಕ್ಕಳಿಕೆ ಬೇರೆ ಬರುತ್ತೆ ಚಿಕ್ಕಪ್ಪ,” ಎಂದು ನನ್ನ ಕಡೆ ತಿರುಗಿದಳು. “ಮೂರು ದಾಟಿ ನಾಲ್ಕು ಬರೋ ಮುಂಚೆ ಟಕ್ ಅಂತ ಒಂದು ಸಲ. ನಾವೆಲ್ಲ, ಪಾಪ ಇದನ್ನ ಯಾರೋ ನೆನೆಸ್ಕೊಳ್ತಿದಾರೆ ಅಂತ ನಗ್ತೀವಿ.”

ನೆನೆಸಿಕೊಳ್ಳುತ್ತಿದ್ದವರು ಅಲ್ಲೇ ಇದ್ದರು. ಅವರ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

“ಇಳಿಯುವಾಗ?” ಎಂದು ಕೇಳಿದರು.

“ಇಳಿಯುವಾಗಲೂ ಅಲ್ಲೇ. ಯಾಕಮ್ಮ?”

ಅತ್ತಿಗೆ ಒಳಕೋಣೆಯ ಬಾಗಿಲ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದರು. ಲೆಕ್ಕಕ್ಕೆ ಹೆಚ್ಚು ಜಾಗ ಬೇಕಾಗಲಿಲ್ಲ. ಹದಿನೆಂಟಕ್ಕೂ ಎಪ್ಪತ್ತಮೂರಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದ್ದರಿಂದ ಚಿಕ್ಕ ಚಕ್ರದ ಆ ಮೊಂಡ ಹಲ್ಲು ದೊಡ್ಡ ಚಕ್ರದ ಪ್ರತಿ ಹಲ್ಲನ್ನೂ ಭೇಟಿ ಮಾಡಿ, ದೊಡ್ಡ ಚಕ್ರ ಹದಿನೆಂಟು ಸುತ್ತು ಸುತ್ತುವುದರೊಳಗೆ ಒಂದು ಸಲ ತೆಳು ಹಲ್ಲಿನ ಹತ್ತಿರವೂ ಬರಲೇಬೇಕು. ಕೆಳಗಿನಿಂದ ಮೇಲಿನ ತನಕ ಲಿಫ್ಟು ಹೋಗಲು ದೊಡ್ಡ ಚಕ್ರ ಸುತ್ತುವುದು ಹೆಚ್ಚುಕಡಿಮೆ ಅಷ್ಟೇ. ಎಪ್ಪತ್ತೆರಡು ಹಲ್ಲೇ ಇದ್ದಿದ್ದರೆ ತೆಳು ಹಲ್ಲು ಹುಟ್ಟುತ್ತಲೇ ಇರಲಿಲ್ಲ, ಹುಟ್ಟಿದ್ದರೂ ಆ ಇಬ್ಬರು ಕೇಡಿಗರು ಬಹುಶಃ ಜನ್ಮದಲ್ಲಿ ಮುಖಾಮುಖಿಯಾಗುತ್ತಿರಲಿಲ್ಲ. ಎಲ್ಲರೂ ಎಲ್ಲರನ್ನೂ ಭೇಟಿಯಾಗಲಿ ಎಂದು ಅಣ್ಣ ಆರಿಸಿದ ಬಗ್ಗದ ಸಂಖ್ಯೆಯೇ ಅವರನ್ನು ಕೈಹಿಡಿದು ಕರೆತಂದು, ಮೂರು ಮತ್ತು ನಾಲ್ಕನೆಯ ಅಂತಸ್ತಿನ ನಡುವೆ, ಹೆಣ್ಣುಮಕ್ಕಳ ತಲೆಯ ಮೇಲೆ ನಿಲ್ಲಿಸುತ್ತಿತ್ತು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ.

ಅಣ್ಣ ಒಪ್ಪಲಿಲ್ಲ. ಟಕ್ ಎನ್ನುವುದಕ್ಕೆ ನೂರು ಕಾರಣ, ಹಳಿಯ ಕೀಲಿರಬಹುದು, ಹಗ್ಗದ ಗಂಟಿರಬಹುದು ಎಂದ. ನಾವೇ ಹೋಗಿ ನಮ್ಮ ಚಕ್ರ ಸರಿಯಿಲ್ಲ ಎಂದರೆ ನಾಳೆಯಿಂದ ಓಣಿಗೆ ಯಾವ ಗೋಣಿ ಬರುತ್ತದೆ ಎಂದ. ಕೊನೆಗೆ, ನಿನ್ನ ಭಯಕ್ಕೆ ನಾನು ಎಲ್ಲಿಂದ ಬೀಗ ತರಲಿ ಎಂದ. ಅತ್ತಿಗೆ ವಾದ ಮಾಡುವವರಲ್ಲ. ಆ ರಾತ್ರಿ ಮಗಳಿಗೆ, ನಾಳೆ ಮೆಟ್ಟಿಲು ಹತ್ತು ಎಂದಷ್ಟೇ ಹೇಳಿದರು. ಹೂಂ ಎಂದ ಮಗಳ ಹೂಂ ಎಷ್ಟು ಗಟ್ಟಿ ಎಂದು ಆಕೆಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಆಕೆ ಕಾರ್ಖಾನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮೆಟ್ಟಿಲು ಹತ್ತಿ ತಾರಸಿಯ ಮೇಲಿನ ಯಂತ್ರದ ಕೋಣೆ ಸೇರುವಷ್ಟರಲ್ಲಿ ನನಗೆ ಏದುಸಿರು. ಆಕೆಗೆ ಉಸಿರೇ ಇದ್ದ ಹಾಗಿರಲಿಲ್ಲ. ತಗಡಿನ ಸೂರು, ಗ್ರೀಸಿನ ವಾಸನೆ, ನೆಲದ ನಡುವೆ ಹಗ್ಗ ಇಳಿಯುವ ಕಂಡಿ. ಕಂಡಿಯೊಳಗಿಂದ ಹೆಣ್ಣುಮಕ್ಕಳ ಮಾತು, ನಗು ಮೇಲಕ್ಕೆ ಬರುತ್ತಿತ್ತು. ಬಾವಿಯ ತಳದಲ್ಲಿ ಜನ ಇದ್ದ ಹಾಗೆ. ಮೆಕ್ಯಾನಿಕ್ ಒಳ್ಳೆಯವನೇ, ಹಲ್ಲಕ್ಕ ನಮ್ಮ ಲಿಫ್ಟಿನ ಬಾಯಿ ನೋಡೋಕೆ ಬಂದರು ಎಂದು ತಮಾಷೆ ಮಾಡಿ, ಕೇಳಿದ ಹಾಗೆ ಖಾಲಿ ಲಿಫ್ಟು ಓಡಿಸಿ ನಿಲ್ಲಿಸಿದ. ಅತ್ತಿಗೆ ಗ್ರೀಸು ಒರೆಸಿ, ಮೊಂಡ ಹಲ್ಲಿನ ಮೇಲೆ ಸೀಮೆಸುಣ್ಣ ಬಳಿದರು. ತೆಳು ಹಲ್ಲನ್ನು ಹುಡುಕಬೇಕಾಗಲಿಲ್ಲ. ಆಕೆಯ ಬೆರಳು ನೇರವಾಗಿ ಅದರ ಮೇಲೇ ಹೋಯಿತು. ಅದನ್ನು ಒಣ ಬಟ್ಟೆಯಿಂದ ಚೊಕ್ಕ ಮಾಡಿದರು.

ಲಿಫ್ಟು ಕೆಳಗಿನಿಂದ ನಿಧಾನವಾಗಿ ಹೊರಟಿತು. ಒಂದು ದಾಟಿತು, ಎರಡು ದಾಟಿತು. ಬಿಳಿಯ ಹಲ್ಲು ಸುತ್ತಿ ಸುತ್ತಿ ಬರುತ್ತಿತ್ತು. ಪ್ರತಿ ಸಲವೂ ಬೇರೆ ಹಲ್ಲಿಗೆ ಬಿಳಿ ಮುದ್ರೆ ಒತ್ತಿ, ತೆಳು ಹಲ್ಲಿನ ಕಡೆಗೆ ಹತ್ತಿರ ಹತ್ತಿರ ಸರಿಯುತ್ತಿತ್ತು. ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರನ್ನಾಗಿ ಮುಟ್ಟಿಕೊಂಡು ಬರುವ ಕೈಯಂತೆ. ಮೂರು ದಾಟಿತು. ಟಕ್.

ಲಿಫ್ಟು ನಿಲ್ಲಿಸಿದ ಮೇಲೆ ನೋಡಿದರೆ ತೆಳು ಹಲ್ಲಿನ ಕೆನ್ನೆಯ ಮೇಲೆ ಬಿಳಿಯ ಗೆರೆ ಬಿದ್ದಿತ್ತು.

ಮೆಕ್ಯಾನಿಕ್‌ನ ತಮಾಷೆ ಅಲ್ಲಿಗೆ ನಿಂತಿತು. ಆದರೂ ಅವನು, ರಜೆಯ ದಿನ ಬಿಚ್ಚಿ ನೋಡೋಣ, ಇಷ್ಟು ದಿನ ನಡೆದದ್ದು ಇನ್ನು ನಾಲ್ಕು ದಿನ ನಡೆಯದೇ ಎಂದ. ಅತ್ತಿಗೆ ಅವನ ಮುಖ ನೋಡುತ್ತಲೇ ಕೈ ಚಾಚಿ ಗೋಡೆಯ ಪೆಟ್ಟಿಗೆಯಿಂದ ಫ್ಯೂಸು ಕಿತ್ತು ಚೀಲಕ್ಕೆ ಹಾಕಿಕೊಂಡರು. ಹಲ್ಲಿ ಲೊಚಗುಟ್ಟಿದರೂ ಬೆಚ್ಚುವ ಹೆಂಗಸು ಮಾಡಿದ ಕೆಲಸ ಇದು. ಅವನು ಬಾಯಿ ತೆರೆಯುವ ಮುಂಚೆ ಮೆಟ್ಟಿಲು ಇಳಿಯತೊಡಗಿದ್ದರು. ಚೀಲದೊಳಗೆ ಫ್ಯೂಸು ಬೀಗದಕೈಗಳಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು.

ಕೆಳಗೆ ಲಿಫ್ಟಿನ ಬಾಗಿಲ ಮುಂದೆ ಒಂದು ಹೊರೆಯ ಮೇಲೆ ಕೂತುಬಿಟ್ಟರು. ಮಧ್ಯಾಹ್ನ ಊಟ ಮುಗಿಸಿ ಬಂದ ಹೆಂಗಸರು ಗುಂಪುಗೂಡಿದರು. ಏಳಂತಸ್ತು ಹತ್ತಲು ಇವರು ಕಾಲು ಸಾಲ ಕೊಡುತ್ತಾರಾ ಎಂದಳು ಒಬ್ಬಳು. ಮೇಸ್ತ್ರಿ ಕೂಗಾಡಿ ಹೋದ. ಮಗಳು ಗುಂಪನ್ನು ಸರಿಸಿಕೊಂಡು ಬಂದು, ಕಣ್ಣಲ್ಲಿ ನೀರು ತುಂಬಿಕೊಂಡು ಮೆಲ್ಲಗೆ ಹೇಳಿದಳು:

“ಮನೇಲಿ ಬೀಗ ಜಗ್ಗೋದು ಸಾಲದು ಅಂತ ಇಲ್ಲಿಗೂ ಬಂದೆಯಾ ಅಮ್ಮ? ನಾಳೆ ನಾನು ಇಲ್ಲಿ ಮುಖ ತೋರಿಸೋದು ಬೇಡವಾ? ಕೆಟ್ಟು ಹೋದರೆ ಬ್ರೇಕ್ ಇದೆ, ಅದು ಹಿಡ್ಕೊಳ್ಳುತ್ತೆ.”

“ಬ್ರೇಕ್ ಎಲ್ಲಿದೆ ಅಂತ ನೋಡಿದೀಯಾ?” ಎಂದರು ಅತ್ತಿಗೆ. “ಮೋಟರಿನ ಪಕ್ಕ ಇದೆ. ಈ ಹಲ್ಲು ಹೋದರೆ ಅದರ ಹಿಂದಿನದು ಹೋಗುತ್ತೆ, ಆಮೇಲೆ ಅದರ ಹಿಂದಿನದು. ಬ್ರೇಕ್ ಮೋಟರನ್ನ ಹಿಡ್ಕೊಳ್ಳುತ್ತೆ ಮಗಾ. ನಿನ್ನನ್ನಲ್ಲ.”

ಕಾಲು ಸಾಲ ಕೇಳಿದವಳು ಮೊದಲು ಮೆಟ್ಟಿಲ ಕಡೆ ನಡೆದಳು. ಮಗಳು ಮುಚ್ಚಿದ ಲಿಫ್ಟಿನ ಬಾಗಿಲನ್ನು ಒಮ್ಮೆ ನೋಡಿದಳು. ಆಮೇಲೆ ಅಮ್ಮನ ಚೀಲಕ್ಕೆ ಕೈ ಹಾಕಿ ಫ್ಯೂಸು ತೆಗೆದು ತನ್ನ ಜೇಬಿಗೆ ಹಾಕಿಕೊಂಡು, ಹೊರೆಯ ಮೇಲಿಂದ ಅಮ್ಮನನ್ನು ಎಬ್ಬಿಸಿ ತಾನು ಕೂತಳು. ನೀನು ಹೋಗಿ ಚಕ್ರ ಮಾಡು, ಫ್ಯೂಸಿನ ಬದಲು ತಂತಿ ತುರುಕೋಕೆ ಬಂದವರನ್ನ ನಾನು ನೋಡ್ಕೋತೀನಿ ಎಂದಳು. ಅಪ್ಪನ ಬಾಯಿ ಆವತ್ತು ಒಳ್ಳೆಯ ಕೆಲಸಕ್ಕೆ ಬಂತು.

ವರ್ಕ್‌ಶಾಪಿಗೆ ಬಂದು ನಡೆದದ್ದನ್ನೆಲ್ಲ ಅಣ್ಣನಿಗೆ ಹೇಳಿದೆ. ಹೆಂಡತಿ ಫ್ಯೂಸು ಕಿತ್ತಳು ಎಂದಾಗ ಅವನು ನಂಬಲಿಲ್ಲ. ಬಿಳಿಯ ಗೆರೆ ಎಂದಾಗ ಬೀಡಿ ಕೆಳಗಿಟ್ಟ. ಆಮೇಲೆ, ಹಿತ್ತಾಳೆ ತಗಡಿದೆಯಾ ಎಂದು ಕೇಳಿದ. ಇದೆ ಎಂದೆ. ಆಗ ಅವನು ಹೇಳಿದ ಉಪಾಯ ನನ್ನ ಜೀವಮಾನದಲ್ಲಿ ಕೇಳಿದ ಉಪಾಯಗಳಲ್ಲೇ ಹಿರಿಯದು. ಮೊದಲು ಅದೇ ತಪ್ಪು ಲೆಕ್ಕದಿಂದ, ಹದಿನೇಳು ಹದಿನೇಳು ದಾಟಿ, ಹಿತ್ತಾಳೆಯಲ್ಲಿ ಎಪ್ಪತ್ತಮೂರು ತೂತಿನ ತಟ್ಟೆ ಮಾಡುವುದು. ಅದರಲ್ಲೂ ಒಂದು ಸಂದು ಕಿರಿದಾಗಿಯೇ ಇರುತ್ತದೆ, ಇರಲಿ. ಆ ತಟ್ಟೆಯನ್ನು ಹಿಡಿಯ ಹಿಂದೆ ಕೂರಿಸಿ, ಹಲ್ಲಿಗೆ ನಲವತ್ತು ತೂತು ದಾಟಿ ಕತ್ತರಿಸುವುದು. ಹಿಡಿಯ ಒಂದು ಸುತ್ತು ಬಿಲ್ಲೆಯಲ್ಲಿ ನಲವತ್ತನೆಯ ಒಂದು ಪಾಲು ತಾನೇ? ತಟ್ಟೆಯ ತಪ್ಪೂ ಬಿಲ್ಲೆಗೆ ಇಳಿಯುವಾಗ ನಲವತ್ತನೆಯ ಒಂದು ಪಾಲಾಗುತ್ತದೆ. ಉಗುರಿನಷ್ಟಿದ್ದದ್ದು ಕೂದಲೆಳೆಗಿಂತ ತೆಳು. ಕೊಳೆಯಾದ ಬಟ್ಟೆಯನ್ನು ಕೊಳೆ ನೀರಿನಲ್ಲೇ ಒಗೆದು ಬೆಳ್ಳಗೆ ಮಾಡಿದ ಹಾಗೆ.

ಅತ್ತಿಗೆ ಮೊದಲ ತಟ್ಟೆ ಮಾಡಿದರು. ಅಣ್ಣ ಸಾಕು ಎಂದ. ಆಕೆ ಸಾಲದು ಎಂದರು. ಮೊದಲ ತಟ್ಟೆಯಿಂದ ಎರಡನೆಯ ತಟ್ಟೆ ಮಾಡಿ, ನಲವತ್ತನೆಯ ಪಾಲನ್ನು ಮತ್ತೆ ನಲವತ್ತು ಪಾಲು ಮಾಡಿದ ಮೇಲೆಯೇ ಉಕ್ಕಿನ ಬಿಲ್ಲೆಗೆ ಕೈ ಹಾಕಿದ್ದು. ಅಣ್ಣ ಪಕ್ಕದಲ್ಲಿ ಕೂತು, ಪ್ರತಿ ಹಲ್ಲು ಮುಗಿದಾಗಲೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಅವನು ಆ ದಿನ ಒಂದು ತಮಾಷೆಯನ್ನೂ ಮಾಡಲಿಲ್ಲ. ನಾಳೆ ಮಗಳು ಮೇಲೆ ಹೋಗುತ್ತಾಳೆ, ಕೆಳಗೆ ಬರುತ್ತಾಳಾ ಎನ್ನುವುದು ಅವನ ಬೆರಳಿಗೂ ಇಳಿದಿತ್ತು ಎಂದು ಕಾಣುತ್ತದೆ.

ಹೊಸ ಚಕ್ರ ಏರಿತು. ಮೊಂಡ ಹಲ್ಲಿನ ಹರಿತವಾದ ಮೂಲೆಯನ್ನೂ ಅರದಿಂದ ಉಜ್ಜಿ ನಯ ಮಾಡಿದರು. ಮೊದಲ ಸಲ ಲಿಫ್ಟು ಹತ್ತಿದವರು ಅತ್ತಿಗೆ ಮತ್ತು ನಾನು. ಬೋರ್ಡಿದೆಯಲ್ಲ, ಹೊರೆ ಇಟ್ಟು ನೋಡೋಣ ಎಂದೆ. ಹೊರೆ ಹೆದರುವುದಿಲ್ಲ, ಅದಕ್ಕೆ ಕೇಳಿಸುವುದಿಲ್ಲ ಎಂದರು. ಮೂರನೆಯ ಅಂತಸ್ತು ದಾಟುವಾಗ ಆಕೆ ನನ್ನ ತೋಳು ಹಿಡಿದ ಹಿಡಿತಕ್ಕೆ ನನ್ನ ಲೇತಿನ ಹಿಡಿಕೆಯೂ ನಾಚಬೇಕು. ನಾಲ್ಕು ಬಂತು. ಐದು ಬಂತು. ಏನೂ ಇಲ್ಲ. ಏಳರಲ್ಲಿ ಬಾಗಿಲು ತೆರೆದಾಗ ಮಗಳು ನಿಂತಿದ್ದಳು. ಬಿಕ್ಕಳಿಕೆ ನಿಂತಿತಾ ಎಂದಳು.

ಹಳೆಯ ಚಕ್ರವನ್ನು ಅಂಗಳದಲ್ಲಿಟ್ಟು ಮೆಕ್ಯಾನಿಕ್ ತೆಳು ಹಲ್ಲಿಗೆ ಸುತ್ತಿಗೆಯಿಂದ ಹೊಡೆದ. ಒಂದೇ ಏಟಿಗೆ ಎಗರಿತು ಎಂದು ಬರೆದರೆ ಓದುವವರಿಗೆ ಸಮಾಧಾನ. ನಿಜ ಏನೆಂದರೆ ಅದು ಎಗರಲಿಲ್ಲ. ಎರಡು ಏಟಿಗೂ ಹಾಗೇ ನಿಂತಿತ್ತು, ಮೂರನೆಯದಕ್ಕೆ ಮುರಿಯಿತು. ಬುಡದಲ್ಲಿ ಒಂದು ಕಡೆ ಕಪ್ಪು ಗೆರೆಯಿತ್ತು. ಹಳೆಯ ಬಿರುಕೋ, ಗ್ರೀಸೋ, ನಾನು ಎಷ್ಟು ತಿರುಗಿಸಿ ನೋಡಿದರೂ ಹೇಳಲಾರೆ. ಇನ್ನು ಇಪ್ಪತ್ತು ವರ್ಷ ಬಾಳುತ್ತಿತ್ತು ಎಂದು ಮೇಸ್ತ್ರಿ ಹೇಳಿದ. ಇರಬಹುದು. ಬೀಳದೆ ಹೋದ ಲಿಫ್ಟಿಗೆ ಯಾರು ಸಾಕ್ಷಿ ಹೇಳುತ್ತಾರೆ?

ಅಲ್ಲಿಗೆ ಅತ್ತಿಗೆಯ ಭಯ ಇಳಿಯಬೇಕಿತ್ತು. ಇಳಿಯಲಿಲ್ಲ, ಕವಲೊಡೆಯಿತು. ಒಂದು ತೂತು ಹೆಚ್ಚುಕಡಿಮೆ ಮಾಡಿ ಸುತ್ತು ಮುಚ್ಚಿದ ಚಕ್ರ ಇದೊಂದೇ ಅಲ್ಲವಲ್ಲ. ಅರವತ್ತೊಂದು ಹಲ್ಲಿನವನ್ನು ಮಾಡುವಾಗ ಒಂದು ತೂತು ಕಡಿಮೆ ಬಿದ್ದು, ಕೊನೆಯ ಹಲ್ಲು ದಪ್ಪಗಾಗುತ್ತಿತ್ತು. ದಪ್ಪ ಹಲ್ಲು ಜಗಳಗಂಟ, ಮೊದಲ ದಿನವೇ ಸಿಕ್ಕಿಕೊಂಡು ರಂಪ ಮಾಡಿ ವಾಪಸು ಬರುತ್ತಿತ್ತು. ಅದರಿಂದ ಭಯವಿಲ್ಲ. ತೆಳು ಹಲ್ಲು ಮೌನಿ. ಎಪ್ಪತ್ತಮೂರರವು ಇನ್ನೆರಡು, ಐವತ್ತಮೂರರವು ಕೆಲವು ಊರಿನಲ್ಲಿ ಎಲ್ಲೆಲ್ಲೋ ತಿರುಗುತ್ತಿದ್ದವು. ಅತ್ತಿಗೆ ನೆನಪಿನಿಂದಲೇ ಒಂದೊಂದನ್ನು ಹುಡುಕಿಕೊಂಡು ಹೊರಟರು. ಗಿರಣಿಯವರು ನಕ್ಕರು, ಕೆಲವರು ಗದರಿದರು. ಆಕೆ ಹೊಸ ಚಕ್ರ ಕೊಟ್ಟು ಹಳೆಯದನ್ನು ಹೊತ್ತು ತಂದರು. ಎಲ್ಲ ಸಿಕ್ಕವು, ಒಂದು ಬಿಟ್ಟು. ಐವತ್ತಮೂರು ಹಲ್ಲಿನ ಆ ಚಕ್ರವನ್ನು ಯಾರೋ ಒಬ್ಬ ಬಸ್ಸಿನ ಮೇಲೆ ಹಾಕಿಕೊಂಡು ಹೋಗಿದ್ದ. ಯಾವ ಊರು, ಯಾವ ಯಂತ್ರ, ಯಾರಿಗೂ ನೆನಪಿಲ್ಲ. ಕೊನೆಯ ವರ್ಷಗಳಲ್ಲಿ ಆಕೆ ಬೀದಿಯಲ್ಲಿ ಯಾವುದಾದರೂ ಯಂತ್ರ ಟಕ್ ಎಂದರೆ ನಿಂತುಬಿಡುತ್ತಿದ್ದರು. ಮಾತಾಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಈಗ ಅಣ್ಣನೂ ಇಲ್ಲ, ಅತ್ತಿಗೆಯೂ ಇಲ್ಲ. ಹಿತ್ತಾಳೆಯ ಎರಡನೆಯ ತಟ್ಟೆ ನನ್ನ ಹತ್ತಿರವಿದೆ. ಮೊನ್ನೆ ಔಷಧಿ ತರಲು ಹೋಗುತ್ತಿದ್ದೆ. ಹೊಸ ಕಟ್ಟಡವೊಂದರ ಮುಂದೆ ಗಾರೆ ಎತ್ತುವ ರಾಟೆಯ ಯಂತ್ರ ಓಡುತ್ತಿತ್ತು. ಕೆಳಗೆ ಹೆಂಗಸರು ಮರಳು ಜರಡಿ ಹಿಡಿಯುತ್ತಿದ್ದರು. ಟಕ್ ಎಂದಿತು. ನಾಲ್ಕು ಹೆಜ್ಜೆ ಮುಂದೆ ಹೋದೆ. ಮತ್ತೆ ಹಿಂದಕ್ಕೆ ಬಂದೆ.

“ಒಂದು ನಿಮಿಷ ನಿಲ್ಲಿಸಪ್ಪ,” ಎಂದೆ ಯಂತ್ರದವನಿಗೆ. “ಹಲ್ಲು ಎಣಿಸಬೇಕು.”

“ಯಾರ ಹಲ್ಲು ತಾತ?” ಎಂದು ಅವನು ನಕ್ಕ. ಆದರೂ ನಿಲ್ಲಿಸಿದ.

ಬೆರಳಿಟ್ಟು ಎಣಿಸಿದೆ. ನಲವತ್ತೆಂಟು ಇದ್ದವು. ತಪ್ಪಿರಬಹುದೆಂದು ಇನ್ನೊಂದು ಸಲ ಎಣಿಸಿದೆ. ಆಮೇಲೆ, ತಿರುಗಿಸಪ್ಪ ಎಂದೆ.